ಮಗುವಿಗೊಂದು ಸ್ವೆಟರ್

ನಮ್ಮ ಕಾಸರಗೋಡಿನ ಸೆಕೆಗೆ ಉಲ್ಲನ್ ಯಾಕೆಂದು ಕೇಳುವವರಿದ್ದಾರೆ. ಆಟಿಯ ಮಳೆ ಹಿಡಿದಾಗ ಹಸುಗೂಸಿಗೆ ಅದೇ ಬೇಕು.

8 ನಂಬರಿನ ಕಡ್ಡಿಯಲ್ಲಿ ಮೊದಲು ಅಂಗೈಯಗಲದ ತುಂಡು ಹೆಣೆದು ಅಳೆಯೋಣ. 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ, 25 ಸೆಂಟಿಮೀಟರ್ ಅಗಲಕ್ಕೆ 55. ಈ ಲೆಕ್ಕ ಬಿಟ್ಟರೆ ಸ್ವೆಟರ್ ಅಣ್ಣನಿಗೋ ಗೊಂಬೆಗೋ ಆದೀತು! ಅಂಚಿಗೆ ಒಂದು ಸೀದಾ, ಒಂದು ಉಲ್ಟಾ; ಮೈಗೆ ಒಂದು ಸಾಲು ಸೀದಾ, ಮರುಸಾಲು ಉಲ್ಟಾ.

ಕುತ್ತಿಗೆಯಲ್ಲೇ ಜಾಗ್ರತೆ ಬೇಕು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಎದೆಗಿಂತ ತುಸು ಹೆಚ್ಚು. ಬಿಗಿಯಾಗಿ ಮುಗಿಸಿದರೆ ತಲೆ ತೂರುವುದಿಲ್ಲ, ಮಗು ಅಳುತ್ತದೆ, ಸ್ವೆಟರ್ ಕಪಾಟು ಸೇರುತ್ತದೆ. ಆದ್ದರಿಂದ ಕೊನೆಯ ಕುಣಿಕೆಗಳನ್ನು ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚೋಣ. ಬದಿಗಳನ್ನು ಹೊಲಿದು, ಒಂದು ಭುಜ ಬಿಟ್ಟು ಎರಡು ಗುಂಡಿ ಇಡೋಣ. ಗುಂಡಿ ಭದ್ರವಾಗಿರಲಿ, ಕಿತ್ತುಬಂದರೆ ನೇರ ಬಾಯಿಗೇ. ಒಗೆದ ಮೇಲೆ ನೇತುಹಾಕದೆ ಚಾಪೆಯಲ್ಲಿ ಹರಡಿ.