ಮಣ್ಣುಮುಕ್ಕನಿಗೆ ಗಾಜಿನ ಮನೆ ಬೇಡ

ಹಾವು ಸಾಕುವ ಹವ್ಯಾಸವೊಂದು ಈಗ ಮಹಾನಗರಗಳ ವಿದ್ಯಾವಂತರ ಮನೆಗಳತ್ತ ಇಣುಕುತ್ತಿದೆ. ಮೀನಿನ ತೊಟ್ಟಿ ಹಳತಾಯಿತು, ಗಿಳಿಯ ಪಂಜರವೂ ಹಳತಾಯಿತು. ಈಗ ಗಾಜಿನ ಪೆಟ್ಟಿಗೆ, ಅದರಲ್ಲಿ ನಾಲ್ಕು ಬೆರಳು ಮರಳು, ಮರಳಿನೊಳಗೆ ಮಣ್ಣುಮುಕ್ಕ ಹಾವು! ವಿಷವಿಲ್ಲ, ಸದ್ದಿಲ್ಲ, ಆಗೊಮ್ಮೆ ಈಗೊಮ್ಮೆ ಒಂದು ಇಲಿ ಹಾಕಿದರಾಯಿತು ಎಂಬುದು ಸಾಕುವವರ ಸಮರ್ಥನೆ. ಅವರು ಕೇಳುವ ಪ್ರಶ್ನೆ ಮಾತ್ರ ಬಹು ಶಾಸ್ತ್ರೀಯವಾದುದು: ಪೆಟ್ಟಿಗೆಯೊಳಗೆ ಎಂಥ ಹಾಸು ಇರಬೇಕು, ತೇವ ಎಷ್ಟಿರಬೇಕು? ಈ ಪ್ರಶ್ನೆಗೆ ಉತ್ತರಿಸದೆ ನಾವು ನುಣುಚಿಕೊಳ್ಳುವುದಿಲ್ಲ. ಉತ್ತರವನ್ನು ಕೊನೆಯವರೆಗೆ ಕೇಳಿದವರು ಪೆಟ್ಟಿಗೆಯ ಆಸೆಯನ್ನೇ ಬಿಟ್ಟಾರೆಂಬ ನಂಬಿಕೆ ನಮಗಿದೆ.

ಮೊದಲು ಹಾಸಿನ ಮಾತು. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಯಾಂಡ್ ಬೋವಾ' ಎಂದು ಹೆಸರಿರುವುದರಿಂದ ಮರಳು ಸುರಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ನಮ್ಮ ಹಿರಿಯರು ಇಟ್ಟ ಹೆಸರೇ ಹೆಚ್ಚು ಸರಿಯಾದುದು. ಅದು ಮರಳುಮುಕ್ಕನಲ್ಲ, ಮಣ್ಣುಮುಕ್ಕ. ಅದಕ್ಕೆ ಬೇಕಾದುದು ಸಡಿಲವಾದ ಮರಳು ಮಿಶ್ರಿತ ಮಣ್ಣು. ಮೂತಿಯನ್ನು ಸಲಿಕೆಯಂತೆ ಊರಿ ಒಳಹೊಗುವಷ್ಟು ಹುಡಿಯಾಗಿರಬೇಕು, ಹೊಕ್ಕ ಮೇಲೆ ಕುಸಿಯದೆ ನಿಲ್ಲುವಷ್ಟು ಗಟ್ಟಿಯೂ ಇರಬೇಕು. ಅಂಗಡಿಯಿಂದ ತಂದ ನುಣುಪು ಮರಳಿನಲ್ಲಿ ಬಿಲ ನಿಲ್ಲದು. ಇಲಿಯೊಡನೆ ಮರಳೂ ಹೊಟ್ಟೆಗೆ ಹೋದರೆ ಕರುಳು ಕಟ್ಟುವ ಭಯವುಂಟು. ಮರಳಿನ ಬದಲು ತೆಂಗಿನ ನಾರಿನ ಪುಡಿ ಹಾಸೋಣವೆಂದರೆ ಅದು ನೀರು ಹಿಡಿದುಕೊಂಡು ಬಿಡದು. ಒಣಗಿದರೆ ಧೂಳಾಗಿ ಹಾರುತ್ತದೆ.

ಇನ್ನು ತೇವ. ಆಫ್ರಿಕದ ಕೀನ್ಯಾ ಕಡೆಯ ಇದರ ದಾಯಾದಿಯನ್ನು ಅಮೆರಿಕ, ಯೂರೋಪುಗಳಲ್ಲಿ ಮನೆಮನೆಗಳಲ್ಲಿ ಸಾಕಿ ಮರಿ ಮಾಡಿಸುತ್ತಾರೆ. ಪೆಟ್ಟಿಗೆಯ ಗಾಳಿಯಲ್ಲಿ ಶೇಕಡಾ 30ರಿಂದ 50ರಷ್ಟು ತೇವಾಂಶವಿರಲಿ, ಹಾಸು ಒಣಗಿರಲಿ, ಪೊರೆ ಬಿಡುವ ಕಾಲಕ್ಕೆ ಮಾತ್ರ ಒಂದು ಮೂಲೆಯಲ್ಲಿ ಹಸಿ ಜಾಗವಿರಲಿ ಎಂಬುದು ಅಲ್ಲಿಯವರ ಸೂತ್ರ. ಸೂತ್ರದಲ್ಲಿ ತಪ್ಪೇನೂ ಇಲ್ಲ. ತೇವ ಕಡಿಮೆಯಾದರೆ ಪೊರೆ ಪೂರ್ತಿ ಕಳಚದೆ ಕಣ್ಣಿನ ಮೇಲೆ, ಬಾಲದ ತುದಿಯಲ್ಲಿ ಅಂಟಿ ಉಳಿಯುತ್ತದೆ. ಹೆಚ್ಚಾದರೆ ಹೊಟ್ಟೆಯ ಕೆಳಗಿನ ಹುರುಪೆಗಳಲ್ಲಿ ಗುಳ್ಳೆ ಎದ್ದು ಕೊಳೆಯುತ್ತವೆ, ಶ್ವಾಸಕೋಶಕ್ಕೆ ರೋಗ ತಗಲುತ್ತದೆ.

ಆದರೆ ಹೀಟರಿನಿಂದ ವರ್ಷವಿಡೀ ಒಂದೇ ಹದದಲ್ಲಿರುವ ಮನೆಯ ಸೂತ್ರವನ್ನು ಕಾಚಿಗೂಡದ ಮನೆಗೆ ತರುವುದು ಹೇಗೆ? ಇಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟಿನ ಮುಂಜಾನೆ ಅದೇ ತೇವ ಶೇಕಡಾ 80ನ್ನು ದಾಟುತ್ತದೆ; ಹಪ್ಪಳದ ಡಬ್ಬಿಯೂ ಮೆತ್ತಗಾಗುವ ಕಾಲವದು. ಮೇ ತಿಂಗಳಲ್ಲಿ ನೀರು ಚಿಮುಕಿಸಿದವರು ಆಗಸ್ಟಿನಲ್ಲೂ ಚಿಮುಕಿಸಿದರೆ ಹಾವಿನ ಕಥೆ ಮುಗಿದಂತೆಯೇ. ಏರ್‌ಕೂಲರ್ ಇಟ್ಟ ಕೋಣೆಯಲ್ಲಿ ಬೇಸಗೆಯಲ್ಲೂ ಇದೇ ಗತಿ.

ಹಾಗಾದರೆ ಇದೇ ಬಿಸಿಲಿನಲ್ಲಿ, ಇದೇ ಮಳೆಯಲ್ಲಿ ಹೊಲದ ಹಾವು ಬದುಕುವುದು ಹೇಗೆ? ವಿಷಯದ ತಿರುಳು ಇರುವುದು ಇಲ್ಲಿಯೇ. ಹೊಲದ ಹಾವಿಗೆ ಒಂದೇ ತೇವವಿಲ್ಲ, ಹತ್ತು ತೇವಗಳಿವೆ. ಮೇಲ್ಮಣ್ಣು ಕಾದಾಗ ಅದು ಇಲಿಯ ಬಿಲ ಹಿಡಿದು ತಂಪಾದ ಆಳಕ್ಕೆ ಇಳಿಯುತ್ತದೆ. ಮಳೆ ನಿಂತು ನೆಲ ಜೌಗಾದರೆ ದಿಬ್ಬಕ್ಕೋ ಬದುವಿನ ಕಲ್ಲಿನಡಿಗೋ ಸರಿಯುತ್ತದೆ. ಪೊರೆ ಬಿಡುವಾಗ ಹಸಿ ಮಣ್ಣು ಹುಡುಕಿಕೊಳ್ಳುತ್ತದೆ. ಅದಕ್ಕೆ ಬೇಕಾದುದು ಇಷ್ಟು ಶೇಕಡಾ ಎಂಬ ಅಂಕಿಯಲ್ಲ, ಆರಿಸಿಕೊಳ್ಳುವ ಸ್ವಾತಂತ್ರ್ಯ. ನಾಲ್ಕು ಬೆರಳು ಹಾಸಿನ ಪೆಟ್ಟಿಗೆ ಕೊಡಲಾರದ್ದು ಇದನ್ನೇ.

ನಮ್ಮ ನಾಡಿನಲ್ಲಿಯೇ ಈ ಬಳಗದ ಮೂರು ಹಾವುಗಳಿವೆ. ಎರಡು ತಲೆ ಹಾವೆಂದು ಕರೆಸಿಕೊಳ್ಳುವ ಕೆಂಪು ಮಣ್ಣುಮುಕ್ಕ ಮತ್ತು ಒರಟು ಹುರುಪೆಯ ಮಣ್ಣುಮುಕ್ಕ ಒಣ ಬಯಲಿನವು. 1991ರಲ್ಲಿ ವಿಜ್ಞಾನಿ ಇಂದ್ರನೀಲ್ ದಾಸ್ ವಿವರಿಸಿ, ಉರಗತಜ್ಞ ರೋಮುಲಸ್ ವಿಟೇಕರರ ಹೆಸರಿಟ್ಟ ಮೂರನೆಯದು ಮಳೆ ಸುರಿಯುವ ಪಡುವಣ ಕರಾವಳಿಯದು. ಒಂದಕ್ಕೆ ಹಿತವಾದ ತೇವ ಇನ್ನೊಂದಕ್ಕೆ ಮೃತ್ಯು. ಚೀಲದಲ್ಲಿ ಹಾವು ತಂದುಕೊಡುವ ದಲ್ಲಾಳಿ ಅದು ಯಾವುದೆಂದು ಹೇಳಿಯಾನೆ?

ದಲ್ಲಾಳಿ ಎಂದೆವು. ಸಾಕುವ ಹವ್ಯಾಸಿಗಳು ಕೇಳಲೊಲ್ಲದ ಮಾತು ಇದು. ನಮ್ಮ ಮಣ್ಣುಮುಕ್ಕ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಮೂರೂ ಅಪರಾಧ. ವಿದೇಶಿ ಜಾತಿಯಾದರೂ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಇತ್ತ ಎರಡು ತಲೆ ಹಾವು ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುವಳು, ತೂಕ ಹೆಚ್ಚಿದಷ್ಟೂ ಕೋಟಿಗಳ ಬೆಲೆ ಎಂಬ ಸುಳ್ಳು ಹರಡಿ, ತೆಲಂಗಾಣ ಕರ್ನಾಟಕಗಳೆರಡರಲ್ಲೂ ಹಾವು ಮಾರುವವರು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದಾರೆ. ಎರಡು ತಲೆಯೂ ಇಲ್ಲ, ಲಕ್ಷ್ಮಿಯೂ ಇಲ್ಲ. ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ. ಹೆದರಿದಾಗ ಸುರುಳಿಯೊಳಗೆ ತಲೆ ಹುದುಗಿಸಿ ಬಾಲವನ್ನು ಶತ್ರುವಿಗೆ ಒಡ್ಡುತ್ತದೆ, ಅಷ್ಟೆ. ನಾವು ಮೂಢನಂಬಿಕೆಯವರಲ್ಲ, ಪ್ರಾಣಿಪ್ರಿಯರು ಎನ್ನುವ ಹವ್ಯಾಸಿಗಳನ್ನು ಕೇಳುತ್ತೇವೆ: ನಿಮ್ಮ ಪೆಟ್ಟಿಗೆಯ ಹಾವು ಬಂದುದು ಯಾವ ಹೊಲದಿಂದ? ಹಿಡಿದ ಕೈ ಯಾವುದು? ಲಕ್ಷ್ಮಿಗಾಗಿ ಕೊಂಡವನೂ ವಿಜ್ಞಾನಕ್ಕಾಗಿ ಕೊಂಡವನೂ ಹಣ ಎಣಿಸಿದ್ದು ಒಂದೇ ಕೈಗೆ.

ಸಾಕಿದರೆ ತಾನೆ ಜನರ ಭಯ ಹೋಗುವುದು, ಮೃಗಾಲಯದವರೂ ಸಾಕುವುದಿಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಭಯ ಹೋಗಬೇಕೆಂಬುದು ನಮಗೂ ಒಪ್ಪಿಗೆ. ಅದಕ್ಕೆಂದೇ 1963ರಿಂದ ಈ ನಗರದಲ್ಲಿ ನೆಹರೂ ಪ್ರಾಣಿ ಸಂಗ್ರಹಾಲಯವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಅಲ್ಲಿ ಪಶುವೈದ್ಯರಿದ್ದಾರೆ, ಲೆಕ್ಕ ಕೇಳುವವರಿದ್ದಾರೆ. ಹಾಸು ತೇವಗಳ ಜ್ಞಾನ ಬೇಕಾದುದು ಅಂಥವರಿಗೆ, ಗಾಯಗೊಂಡ ಹಾವನ್ನು ಕೆಲವು ದಿನ ಇಟ್ಟುಕೊಂಡು ಗುಣಪಡಿಸಿ ಬಿಡುವವರಿಗೆ.

ಈ ಮಾತು ಕನ್ನಡ ಸಂಘದ ಪತ್ರಿಕೆಯಲ್ಲಿ ಏಕೆಂದು ಕೆಲವರು ಹುಬ್ಬೇರಿಸಬಹುದು. ನಮ್ಮಲ್ಲಿ ಅನೇಕರ ಬೇರು ಬೀದರ, ಕಲಬುರಗಿ, ರಾಯಚೂರುಗಳಲ್ಲಿದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಆ ಸೀಮೆಯಲ್ಲಿ ಇಂದಿಗೂ ನಮ್ಮ ಅಣ್ಣತಮ್ಮಂದಿರು ಮಸಾರಿ ನೆಲ ಉಳುತ್ತಾರೆ. ಜೋಳ, ಶೇಂಗಾ ತಿನ್ನುವ ಇಲಿಯನ್ನು ಬಿಲಕ್ಕೇ ಹೋಗಿ ಹಿಡಿಯುವ ಹಾವು ಇದು. ಕೂಲಿ ಕೇಳದ ಆಳು. ಅದನ್ನು ಹಿಡಿದು ಮಾರಿದರೆ ಮಣ್ಣು ಮುಕ್ಕುವವರು ಕೊನೆಗೆ ನಾವೇ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಹಾವು ಕೊಳ್ಳಬೇಡಿ, ಕೊಳ್ಳುವವರಿಗೆ ಸುಮ್ಮನೆ ತಲೆಯಾಡಿಸಬೇಡಿ. ಈಗಾಗಲೇ ಯಾರ ಮನೆಯಲ್ಲಾದರೂ ಇದ್ದರೆ ರಾತ್ರೋರಾತ್ರಿ ಬಯಲಿಗೆ ಎಸೆಯದೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಲಿ; ಪೆಟ್ಟಿಗೆಯಲ್ಲಿ ಸೊರಗಿದ ಹಾವು ಗೊತ್ತಿಲ್ಲದ ನೆಲದಲ್ಲಿ ಬದುಕುವುದು ಕಷ್ಟ. ಕಾಚಿಗೂಡದಿಂದ ರೈಲು ಹತ್ತಿ ಊರಿಗೆ ಹೋದಾಗ, ಎರಡು ತಲೆ ಹಾವಿನ ದರ ಹೇಳುವವನು ಮೋಸಗಾರನೆಂದು ನಿಮ್ಮವರಿಗೆ ತಿಳಿಸಿ. ಹಾಸು ಎಷ್ಟು, ತೇವ ಎಷ್ಟು ಎಂಬ ಲೆಕ್ಕವನ್ನು ಹೊಲದ ಮಣ್ಣು ನಮಗಿಂತ ಚೆನ್ನಾಗಿ ಬಲ್ಲದು. ಆ ಲೆಕ್ಕ ಅದರ ಬಳಿಯೇ ಇರಲಿ.