ಕಾಯುವ ಪೇಟಿ, ಕಾಯದ ಯಂತ್ರ

ಇತ್ತಿತ್ತಲಾಗಿ ನಮ್ಮ ಸೀಮೆಯ ಜಾತ್ರೆಯ ನಾಟಕಗಳಲ್ಲಿ ಪೇಟಿ-ತಬಲೆಗಳ ಸ್ಥಾನವನ್ನು ಧ್ವನಿಮುದ್ರಿತ ಸಂಗೀತವು ಆಕ್ರಮಿಸುತ್ತಿದೆ. ಚಲಚ್ಚಿತ್ರದ ವಾದ್ಯವೃಂದದ ಗಾಂಭೀರ್ಯವು ಎರಡು ವಾದ್ಯಗಳಿಗೆಲ್ಲಿಯದು ಎಂಬುದು ಇದರ ಪಕ್ಷಪಾತಿಗಳ ವಾದ.

ವಾದ್ಯವೃಂದವನ್ನು ನಾನು ಹಳಿಯುವವನಲ್ಲ. 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ ಜಿ. ಕೆ. ವೆಂಕಟೇಶರ ನಿರ್ದೇಶನದಲ್ಲಿ ಭೀಮಸೇನ ಜೋಶಿಯವರು ಹಾಡಿದುದು ಕನ್ನಡಿಗರ ಭಾಗ್ಯವೇ ಸರಿ. ಆದರೆ ಚಿತ್ರದಲ್ಲಿ ಅಭಿನಯವು ಒಮ್ಮೆ ಸೆರೆಯಾದರೆ ಬದಲಾಗದು. ಅದಕ್ಕೆ ಕ್ಷಣಕ್ಷಣವನ್ನೂ ಅಳೆದು ಸಂಗೀತವನ್ನು ಹೊಂದಿಸಬಹುದು. ರಂಗದ ನಟನಾದರೋ ಜೀವಂತನು. ಸಭೆಯು ‘ಒನ್ಸ್‌ಮೋರ್’ ಎಂದರೆ ಪದವನ್ನು ಮರಳಿ ಎತ್ತಿಕೊಳ್ಳುವನು. ಕಂಠವು ಗದ್ಗದಿಸಿದರೆ ತಡೆಯುವನು. ಪೇಟಿಯವನು ಅವನ ಮುಖವನ್ನು ನೋಡಿ ಕಾಯುವನು. ಯಂತ್ರವು ಕಾಯುವುದೇ?

ಭೀಮಸೇನರ ಗುರುಗಳಾದ ಕುಂದಗೋಳದ ರಾಮಭಾವು (1886–1952) ‘ಸವಾಯಿ ಗಂಧರ್ವ’ರೆನಿಸಿದುದು ಮರಾಠಿ ನಾಟ್ಯರಂಗದಲ್ಲಿ ಹಾಡಿಯೇ. ಅಂಥವರ ಊರಿನ ನೆರೆಯಲ್ಲಿಯೇ ರಂಗಸಂಗೀತವು ಮೂಕವಾಗುವುದು ನಮಗೆ ಭೂಷಣವಲ್ಲ.

ಊರ ಹಿರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೇ: ದೀಪಾಲಂಕಾರಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಪೇಟಿ-ತಬಲೆಯವರ ಸಂಭಾವನೆಗೆ ಮೀಸಲಿಡಿರಿ. ದೀಪವನ್ನು ಮುಂದಿನ ವರುಷವೂ ಕೊಳ್ಳಬಹುದು. ಕಲಿಸುವವರು ಅಳಿದ ಮೇಲೆ ವಿದ್ಯೆಯು ಯಾವ ಸಂತೆಯಲ್ಲಿಯೂ ದೊರೆಯದು.