ಹತ್ತು ವರ್ಷದ ಕೆಲಸ, ಹನ್ನೆರಡು ತಿಂಗಳ ಹಣ

ವಿಶ್ವವಿದ್ಯಾಲಯದ ವಿಜ್ಞಾನಕ್ಕೂ ಸಕ್ಕರೆ ಕಾರ್ಖಾನೆಯ ಕಾರ್ಮಿಕನಿಗೂ, ಪೇಟೆಬೀದಿಯ ಬೆಲ್ಲದ ವ್ಯಾಪಾರಿಗೂ ಏನು ಸಂಬಂಧವೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು, ಅದು ಅನ್ನದ ಸಂಬಂಧ.

ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅದಕ್ಕೆ ಮೊದಲೇ, 1931ರಲ್ಲಿ, ವಿ.ಸಿ. ಫಾರಂನ ಸಂಶೋಧನಾ ಕೇಂದ್ರ ಆರಂಭವಾಗಿತ್ತು. ಕಾರ್ಖಾನೆಗಾಗಿ ಶ್ರಮಿಸಿದ ಲೆಸ್ಲಿ ಕೋಲ್ಮನ್ ಸ್ವತಃ ವಿಜ್ಞಾನಿಗಳಾಗಿದ್ದರು. ನಮ್ಮ ರೈತರು ದಶಕಗಳ ಕಾಲ ಬೆಳೆದ ಕೋ 62175 ಕಬ್ಬಿನ ಹೆಸರಿನಲ್ಲಿರುವ 'ಕೋ' ಎಂದರೆ ಕೊಯಮತ್ತೂರಿನ ಸಂಶೋಧನಾ ಸಂಸ್ಥೆ. ಕೋವಿಸಿ 99463 ತಳಿಯಲ್ಲಿ 'ವಿಸಿ' ಎಂದರೆ ನಮ್ಮ ವಿ.ಸಿ. ಫಾರಂ. ಡಾ. ಎಂ. ಮಹದೇವಪ್ಪನವರ ಭತ್ತದ ಸಂಶೋಧನೆ ನಡೆದದ್ದೂ ಇಲ್ಲಿಯೇ, ಕೆ.ಆರ್.ಎಚ್. 2 ಸಂಕರಣ ಭತ್ತ 1996ರಲ್ಲಿ ಇಲ್ಲಿಂದ ಹೊರಬಂದಿತು.

ಹೊಸ ಕಬ್ಬಿನ ತಳಿ ಒಂದೆರಡು ವರ್ಷದಲ್ಲಿ ಹುಟ್ಟುವುದಿಲ್ಲ. ಸಾವಿರಾರು ಸಸಿಗಳಲ್ಲಿ ಕೆಲವನ್ನು ಆರಿಸಬೇಕು, ನಾಟಿ ಬೆಳೆಯನ್ನೂ ಕೂಳೆ ಬೆಳೆಯನ್ನೂ ನೋಡಬೇಕು, ರೋಗ ತಗುಲುವುದೇ ಎಂದು ಪರೀಕ್ಷಿಸಬೇಕು, ಸಕ್ಕರೆಯ ಅಂಶವನ್ನು ಅಳೆಯಬೇಕು. ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಗದ್ದೆಯಲ್ಲಿ ನಿಂತು ಲೆಕ್ಕ ಬರೆಯುವವರು, ಪ್ರಯೋಗಾಲಯದಲ್ಲಿ ರಾತ್ರಿ ಕಳೆಯುವವರು ಬಹುಮಟ್ಟಿಗೆ ಪಿಎಚ್.ಡಿ. ಮಾಡುತ್ತಿರುವ ಎಳೆಯರೇ.

ಇಂಥ ಕೆಲಸದ ಬಗ್ಗೆ ಸರ್ಕಾರಗಳ ಧೋರಣೆ ಹೇಗಿದೆ? 2024ರ ಜುಲೈ ಬಜೆಟ್ಟಿನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕವನ್ನು ಶೇಕಡಾ 10ರಿಂದ 150ಕ್ಕೆ ಏರಿಸಿದರು. ವಿಜ್ಞಾನಿಗಳು ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ 10ಕ್ಕೆ ಇಳಿಸಿದರು. ಅದೇ ವರ್ಷ ಜೂನ್ 25ರಿಂದ ನಡೆಯಬೇಕಿದ್ದ ವಿಜ್ಞಾನದ ನೆಟ್ ಪರೀಕ್ಷೆಯನ್ನು ನಾಲ್ಕು ದಿನ ಇರುವಾಗ ಮುಂದೂಡಿದರು. ಸಂಶೋಧನಾ ವೇತನ ಸಿಗುವುದು ಆ ಪರೀಕ್ಷೆ ಗೆದ್ದವರಲ್ಲಿ ಮೇಲಿನ ಕೆಲವರಿಗೆ ಮಾತ್ರ. 2023ರಲ್ಲಿ ಆ ವೇತನವನ್ನು 31,000ದಿಂದ 37,000 ರೂಪಾಯಿಗೆ ಏರಿಸಿದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಗೊತ್ತಾದ ದಿನ ಕೈಗೆ ಬಾರದ ಸಂಬಳ ಎಷ್ಟಿದ್ದರೇನು ಎಂಬುದನ್ನು ಕಾರ್ಖಾನೆಯ ಕಾರ್ಮಿಕನಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಣ ತಡವಾಗಲು ಒಂದು ನಿಯಮವೂ ಕಾರಣವಾಗಿದೆ. ಕೇಂದ್ರದ ಅನುದಾನ ಈಗ ಖಜಾನೆಯ ಖಾತೆಯಲ್ಲಿ ಮಿತಿಯ ರೂಪದಲ್ಲಿರುತ್ತದೆ; ಮಾರ್ಚ್ 31ರೊಳಗೆ ಬಳಸದೆ ಉಳಿದ ಮಿತಿ ರದ್ದಾಗುತ್ತದೆ. ಹೊಸ ವರ್ಷದ ಹಣಕ್ಕೆ ಕಾಯಬೇಕು. ವರ್ಷದ ಕೊನೆಗೆ ಗಲ್ಲಾಪೆಟ್ಟಿಗೆಯನ್ನು ಯಾರೋ ಬರಿದು ಮಾಡಿ, ಅಂಗಡಿ ಮಾತ್ರ ತೆರೆದಿರಲಿ ಎಂದರೆ ಯಾವ ವ್ಯಾಪಾರಿ ತಾಳಿಯಾನು? ಕಬ್ಬಿಗೆ ಮಾರ್ಚ್ 31 ಗೊತ್ತಿಲ್ಲ. ಲೆಕ್ಕ ಕೇಳುವುದು ಸರ್ಕಾರದ ಹಕ್ಕು. ಜನರ ಹಣಕ್ಕೆ ಲೆಕ್ಕ ಬೇಕೇಬೇಕು. ಆದರೆ ಲೆಕ್ಕ ಬೇರೆ, ಕೆಲಸ ನಿಲ್ಲಿಸುವುದು ಬೇರೆ.

ರಾಜ್ಯದ ನಡೆಯೂ ಇದಕ್ಕಿಂತ ಸ್ಥಿರವಾಗಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ತಂದರು. 2024ರಲ್ಲಿ ಮೂರು ವರ್ಷಕ್ಕೆ ಮರಳಿದರು. ನಡುವೆ ಓದಿದವರು ಎರಡು ಪಠ್ಯಕ್ರಮಗಳ ನಡುವೆ ಸಿಕ್ಕಿಕೊಂಡರು. ಮಂಡ್ಯ ವಿಶ್ವವಿದ್ಯಾಲಯ 2019ರಲ್ಲಿ ಸ್ಥಾಪನೆಯಾಯಿತು. ಹಣವಿಲ್ಲವೆಂಬ ಕಾರಣಕ್ಕೆ ಮುಚ್ಚಬಹುದಾದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದನ್ನೂ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೆಸರಿಸಿತು. ಮರುತಿಂಗಳೇ ವಿ.ಸಿ. ಫಾರಂನಲ್ಲಿ ಹೊಸ ಕೃಷಿ ವಿಶ್ವವಿದ್ಯಾಲಯಕ್ಕೆ ಶಾಸನಸಭೆ ಒಪ್ಪಿಗೆ ಕೊಟ್ಟಿತು. ಹೊಸದನ್ನು ನಾವು ವಿರೋಧಿಸುವುದಿಲ್ಲ. ಹೆಸರಿನ ಹಲಗೆ ಏರಿಸಿ, ಅಧ್ಯಾಪಕರನ್ನೂ ಉಪಕರಣವನ್ನೂ ಕೊಡದೆ, ಆಮೇಲೆ ನಡೆಯುತ್ತಿಲ್ಲವೆಂದು ದೂರುವ ಪದ್ಧತಿಯನ್ನು ವಿರೋಧಿಸುತ್ತೇವೆ.

ಇದರ ನಷ್ಟ ಯಾರಿಗೆ? ಸಿರಿವಂತರ ಮಕ್ಕಳು ವಿದೇಶಕ್ಕೆ ಹೋಗಿಯಾರು. ಮಳವಳ್ಳಿಯ ಹಳ್ಳಿಯಿಂದ ಬಸ್ಸು ಹತ್ತಿ ಬಂದು ಎಂ.ಎಸ್ಸಿ. ಮುಗಿಸುವ ಹುಡುಗಿ ಆರು ತಿಂಗಳು ವೇತನವಿಲ್ಲದೆ ಸಂಶೋಧನೆಯಲ್ಲಿ ನಿಲ್ಲಲಾರಳು. ಪಿಎಚ್.ಡಿ. ಮುಗಿಸಿದ ಮೇಲೂ ಹಲವರಿಗೆ ಸಿಗುವುದು ಅತಿಥಿ ಉಪನ್ಯಾಸಕರ ಕೆಲಸ. ಗಿರಣಿಯ ಬದಲಿ ಕಾರ್ಮಿಕನಂತೆ ಮುಂದಿನ ವರ್ಷ ಕರೆ ಬಂದರೆ ಬಂತು. ನಾಲೆಯ ಕೊನೆಯ ಗದ್ದೆಗಳಿಗೆ ನೀರು ತಲಪದ ಮಳವಳ್ಳಿ ಸೀಮೆಗೆ ಕಡಿಮೆ ನೀರಿನ ತಳಿ ಬೇಕು. ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳಿಗೆ ಒಳ್ಳೆಯ ಇಳುವರಿಯ ಕಬ್ಬು ಬೇಕು. ಅದನ್ನು ಹುಡುಕಬೇಕಾದ ಎಳೆಯರು ಇಂದು ಕೆಲಸ ಬಿಟ್ಟರೆ, ಹತ್ತು ವರ್ಷದ ಮೇಲೆ ಖಾಲಿಯಾಗುವುದು ಗಾಣ, ಆಲೆಮನೆ ಮತ್ತು ಅಂಗಡಿ.

ಸಂಶೋಧನೆಗೆ 2023ರಲ್ಲಿ ಕಾನೂನಿನ ಮೂಲಕ ರಾಷ್ಟ್ರೀಯ ಪ್ರತಿಷ್ಠಾನವೊಂದು ಹುಟ್ಟಿತು. ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬುದು ಲೆಕ್ಕ. ಎರಡು ಎಕರೆ ರೈತನ ಕಬ್ಬಿಗಾಗಿ ಯಾವ ಬಂಡವಾಳಗಾರ ಹನ್ನೆರಡು ವರ್ಷ ಹಣ ಹಾಕಿ ಕಾದಾನು? ಅದು ಸರ್ಕಾರವೇ ಹೊರಬೇಕಾದ ಹೊಣೆ.

ನಮ್ಮ ಬೇಡಿಕೆ ಸರಳವಾಗಿದೆ. ಸಂಶೋಧನಾ ವೇತನ ಪ್ರತಿ ತಿಂಗಳೂ ಗೊತ್ತಾದ ದಿನ ಸಲ್ಲಬೇಕು. ಒಪ್ಪಿದ ಯೋಜನೆಯ ಹಣ ಯೋಜನೆ ಮುಗಿಯುವವರೆಗೆ ಮಾರ್ಚ್ ದಾಟಿಯೂ ಉಳಿಯಬೇಕು. ಓದಿನ ನಿಯಮ ಬದಲಾದರೆ ಹೊಸದಾಗಿ ಸೇರುವವರಿಗಷ್ಟೇ ಅನ್ವಯಿಸಬೇಕು. ಮಂಡ್ಯದ ವಿದ್ಯಾಸಂಸ್ಥೆಗಳ ಖಾಲಿ ಹುದ್ದೆಗಳನ್ನು ತುಂಬಬೇಕು. ಜಿಲ್ಲೆಯ ಶಾಸಕರೂ ಲೋಕಸಭಾ ಸದಸ್ಯರೂ ಇದಕ್ಕೆ ಉತ್ತರ ಕೊಡಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಕೊಡಲೆಂದು ನಾವು ಕೇಳಿಕೊಳ್ಳುತ್ತೇವೆ.